ಸಲಮಾಂಕಾ ಕ್ಲಬ್ಬಿನ 90 ವರ್ಷ, ಮತ್ತು ಆಮೇಲೆ ಆದದ್ದು

ಫುಟ್‌ಬಾಲ್ ಕ್ಲಬ್ಬೊಂದು ಸತ್ತಿತು ಎಂದಾಗ ನಿಜಕ್ಕೂ ಸತ್ತದ್ದು ಏನು? ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡು ಹೊರಡೋಣ, ಏಕೆಂದರೆ ಇವತ್ತು ಮಾತಾಡಬೇಕಾಗಿರುವ ಕ್ಲಬ್ಬಿನ ವಿಷಯದಲ್ಲಿ ಉತ್ತರ ಒಂದಲ್ಲ, ಮೂರು. ಸ್ಪೇನಿನ ಪಶ್ಚಿಮದಲ್ಲಿ, ಪೋರ್ಚುಗಲ್ ಗಡಿಯ ಕಡೆಗೆ, ತೋರ್ಮೆಸ್ ನದಿಯ ದಡದಲ್ಲಿ ಸಲಮಾಂಕಾ ಎಂಬ ಊರಿದೆ. ಜನಸಂಖ್ಯೆ ಸುಮಾರು 1.5 ಲಕ್ಷ. 1218ರಲ್ಲಿ ಶುರುವಾದ ವಿಶ್ವವಿದ್ಯಾಲಯದಿಂದ ಹೆಸರು ಮಾಡಿದ ಊರು. ಇಲ್ಲಿನ ಕಾಲೇಜಿನಲ್ಲಿ ಓದುತ್ತಿದ್ದ ಐರಿಶ್ ವಿದ್ಯಾರ್ಥಿಗಳು ಫುಟ್‌ಬಾಲನ್ನು ತಂದರು ಎಂಬುದು ಊರಿನವರೆಲ್ಲ ಹೇಳುವ ಮಾತು. ಇಲ್ಲಿ 1923ರ ಫೆಬ್ರವರಿಯಲ್ಲಿ ಹುಟ್ಟಿದ್ದು ಊನಿಯೋನ್ ದೆಪೊರ್ತೀವಾ ಸಲಮಾಂಕಾ. ಬಿಳಿ ಅಂಗಿ, ಕಪ್ಪು ಚಡ್ಡಿ. 2013ರ ಜೂನ್ 18ರಂದು ಅದು ಮುಚ್ಚಿತು.

90 ವರ್ಷದಲ್ಲಿ ಈ ಕ್ಲಬ್ ಸ್ಪೇನಿನ ಅತಿ ಮೇಲಿನ ದರ್ಜೆಯಾದ ಪ್ರಿಮೇರಾದಲ್ಲಿ ಆಡಿದ್ದು 12 ಸೀಸನ್ ಮಾತ್ರ. ಉಳಿದ ಬದುಕೆಲ್ಲ ಕೆಳಗಿನ ದರ್ಜೆಗಳಲ್ಲಿ ಕಳೆಯಿತು. ಆದ್ದರಿಂದ ಮೊದಲು ಆ ಮೆಟ್ಟಿಲುಗಳನ್ನು ತಿಳಿದುಕೊಳ್ಳಬೇಕು. ಆಗಿನ ಲೆಕ್ಕದಲ್ಲಿ ಮೇಲೆ ಪ್ರಿಮೇರಾ, ಅದರ ಕೆಳಗೆ ಸೆಗುಂದಾ, ಅದರ ಕೆಳಗೆ ಸೆಗುಂದಾ ಬಿ, ಆಮೇಲೆ ತೆರ್ಸೇರಾ, ಆಮೇಲೆ ಪ್ರಾದೇಶಿಕ ಮತ್ತು ಜಿಲ್ಲಾ ಮಟ್ಟದ ಲೀಗುಗಳು. ಈ ಏಣಿಯಲ್ಲಿ ಒಂದು ಮೆಟ್ಟಿಲು ಮಾತ್ರ ಬಾವಿಯಷ್ಟು ಆಳ: ಸೆಗುಂದಾದಿಂದ ಸೆಗುಂದಾ ಬಿಗೆ ಇಳಿಯುವ ಮೆಟ್ಟಿಲು. ಸೆಗುಂದಾದ ತನಕ ವೃತ್ತಿಪರ ಲೀಗು, ಟಿವಿ ಹಣ ಬರುತ್ತದೆ. ಅದರ ಕೆಳಗೆ ಆ ಹಣ ನಿಂತೇ ಹೋಗುತ್ತದೆ. ಆ ಕಾಲದ ಸೆಗುಂದಾ ಬಿಯಲ್ಲಿ 20 ತಂಡಗಳ ನಾಲ್ಕು ಗುಂಪು, ಒಟ್ಟು 80 ತಂಡ. ವರ್ಷಕ್ಕೆ ಮೇಲೆ ಹೋಗುವುದು ನಾಲ್ಕೇ ನಾಲ್ಕು. ಗುಂಪಿನಲ್ಲಿ ಮೊದಲು ಬಂದರೂ ಸಾಲದು, ಆಮೇಲೆ ಪ್ಲೇಆಫ್, ಅಂದರೆ ಬಡ್ತಿಯನ್ನು ತೀರ್ಮಾನಿಸುವ ಪಂದ್ಯಗಳನ್ನು ಗೆಲ್ಲಬೇಕು. ಬಿದ್ದವರು ಏಕೆ ಏಳುವುದಿಲ್ಲ ಎಂಬುದಕ್ಕೆ ಅರ್ಧ ಉತ್ತರ ಈ ಲೆಕ್ಕದಲ್ಲೇ ಇದೆ.

ಕ್ಲಬ್ಬಿನ ಒಳ್ಳೆಯ ದಿನಗಳು ಶುರುವಾದದ್ದು ಮೈದಾನದಿಂದ. ಎಲ್ ಕಲ್ವಾರಿಯೊ ಎಂಬ ಹಳೆಯ ಮೈದಾನ ಬಿಟ್ಟು 1970ರ ಏಪ್ರಿಲ್‌ನಲ್ಲಿ ಹೊಸ ಕ್ರೀಡಾಂಗಣಕ್ಕೆ ಬಂದರು. ಹೆಸರು ಎಲ್ಮಾಂತಿಕೊ. ಬರೆಯುವಾಗ ಮುಂದೊಂದು ಹಕಾರ ಇದೆ, ಸ್ಪ್ಯಾನಿಶ್ ಬಾಯಲ್ಲಿ ಅದು ಉಳಿಯುವುದಿಲ್ಲ. ರೋಮನ್ನರ ಕಾಲದಲ್ಲಿ ಊರಿಗಿದ್ದ ಹೆಸರಿನಿಂದ ಬಂದದ್ದು. ಈ ಕ್ರೀಡಾಂಗಣ ಇರುವುದು ಸಲಮಾಂಕಾ ನಗರಸಭೆಯ ಗಡಿಯೊಳಗಲ್ಲ, ಪಕ್ಕದ ವಿಯಾರೆಸ್ ದೆ ಲಾ ರೇನಾದಲ್ಲಿ. 17 ಸಾವಿರಕ್ಕೂ ಹೆಚ್ಚು ಜನ ಕೂರುವ ಜಾಗ. 1.5 ಲಕ್ಷದ ಊರಿಗೆ ಇದು ದೊಡ್ಡದೇ.

ಆಮೇಲೆ ಹೊಸ ಕೋಚ್ ಹೊಸೆ ಲೂಯಿಸ್ ಗಾರ್ಸಿಯಾ ತ್ರಾಯಿದ್ ಬಂದರು. 1973ರಲ್ಲಿ ತೆರ್ಸೇರಾದಿಂದ ಸೆಗುಂದಾಗೆ, 1974ರಲ್ಲಿ ಸೆಗುಂದಾದಿಂದ ಪ್ರಿಮೇರಾಗೆ, ಬೆನ್ನುಬೆನ್ನಿಗೆ ಎರಡು ಬಡ್ತಿ. ಸೆಗುಂದಾ ಬಿ ಆಗಿನ್ನೂ ಹುಟ್ಟಿರಲಿಲ್ಲ, ಆದ್ದರಿಂದ ತೆರ್ಸೇರಾ ಎಂದರೆ ಮೂರನೇ ದರ್ಜೆ. ಮೇಲೆ ಬಂದ ಮೊದಲ ವರ್ಷವೇ 7ನೇ ಸ್ಥಾನ. ಅದಕ್ಕಿಂತ ಎತ್ತರಕ್ಕೆ ಈ ಕ್ಲಬ್ ಮತ್ತೆಂದೂ ಹೋಗಲಿಲ್ಲ. ಗೋಲಿನಲ್ಲಿ ಅರ್ಜೆಂಟೀನಾದ ಹೋರ್ಹೆ ದಲೆಸಾಂದ್ರೊ, ಹತ್ತು ವರ್ಷ ಒಂದೇ ಕ್ಲಬ್ಬಿನಲ್ಲಿ ನಿಂತವರು. ನಡುವಿನಲ್ಲಿ ಎರಡು ವರ್ಷ ಪೋರ್ಚುಗಲ್ಲಿನ ಜೊವಾವ್ ಆಲ್ವೆಸ್, ಎರಡೂ ಕೈಗೆ ಕಪ್ಪು ಗವಸು ಹಾಕಿಕೊಂಡು ಆಡುತ್ತಿದ್ದ ಮಿಡ್‌ಫೀಲ್ಡರ್. ಗಡಿ ಹತ್ತಿರವಿರುವುದರಿಂದ ಪೋರ್ಚುಗೀಸ್ ಆಟಗಾರರು ಈ ಕ್ಲಬ್ಬಿಗೆ ಮತ್ತೆ ಮತ್ತೆ ಬರುತ್ತಿದ್ದರು. ಆ ಎಳೆ ಮುಂದೆಯೂ ಸಿಗುತ್ತದೆ. 1981ರವರೆಗೆ ಸತತ ಏಳು ವರ್ಷ, ಮತ್ತೆ 1982ರಿಂದ 84ರವರೆಗೆ ಎರಡು ವರ್ಷ ಪ್ರಿಮೇರಾ. ಆಮೇಲೆ ಸೆಗುಂದಾ, ಅಲ್ಲಿಂದ ಸೆಗುಂದಾ ಬಿ. ಮೇಲೆ ಕೆಳಗೆ ಓಡಾಡುವ ಇಂಥ ತಂಡಗಳಿಗೆ ಸ್ಪೇನಿನಲ್ಲಿ ಲಿಫ್ಟ್ ತಂಡ ಎನ್ನುತ್ತಾರೆ.

ಈಗ ಕಾನೂನಿಗೆ ಬರಬೇಕು. ಫುಟ್‌ಬಾಲ್ ಕೇಳಲು ಬಂದವರಿಗೆ ಕಾನೂನು ಹೇಳಿದರೆ ಬೇಸರ ಬರಬಹುದು, ಆದರೆ ಇದಿಲ್ಲದೆ ಮುಂದಿನದು ಯಾವುದೂ ಅರ್ಥವಾಗದು. 1990ರ ತನಕ ಸ್ಪೇನಿನ ಕ್ಲಬ್ಬುಗಳು ಸದಸ್ಯರದ್ದಾಗಿದ್ದವು. ಸದಸ್ಯನಿಗೆ ಸೋಸಿಯೊ ಎನ್ನುತ್ತಾರೆ. ಅವನು ವರ್ಷದ ಚಂದಾ ಕಟ್ಟುತ್ತಾನೆ, ಅಧ್ಯಕ್ಷನನ್ನು ಆರಿಸುತ್ತಾನೆ. ತೊಂದರೆ ಏನೆಂದರೆ, ಅಧ್ಯಕ್ಷರು ಸಾಲ ಮಾಡಿ ಹೋಗುತ್ತಿದ್ದರು, ಸಾಲಕ್ಕೆ ಯಾರೂ ಹೊಣೆಯಿಲ್ಲ. ಅದಕ್ಕೇ 1990ರ ಅಕ್ಟೋಬರ್‌ನಲ್ಲಿ ಹೊಸ ಕ್ರೀಡಾ ಕಾನೂನು ಬಂತು. 1992ರ ಜೂನ್ 30ರೊಳಗೆ ವೃತ್ತಿಪರ ಕ್ಲಬ್ಬುಗಳೆಲ್ಲ ಷೇರು ಕಂಪನಿಗಳಾಗಬೇಕು ಎಂದಿತು. ಹಿಂದಿನ ವರ್ಷಗಳ ಲೆಕ್ಕಪತ್ರ ಸರಿಯಿದ್ದವರಿಗೆ ಮಾತ್ರ ವಿನಾಯಿತಿ. ಅಂಥವರು ನಾಲ್ಕೇ: ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಅಥ್ಲೆಟಿಕ್ ಬಿಲ್ಬಾವೊ, ಒಸಾಸೂನಾ. ಆ ನಾಲ್ಕರಲ್ಲೂ ಆಡಳಿತ ಮಂಡಳಿಯವರು ಬಜೆಟ್ಟಿನ ಶೇ. 15ರಷ್ಟು ಹಣಕ್ಕೆ ಬ್ಯಾಂಕ್ ಖಾತರಿ ಕೊಡಬೇಕು ಎಂಬ ಷರತ್ತು. ಕಂಪನಿಯಾಗಲು ಆಗದ ಕ್ಲಬ್ ದೆಪೊರ್ತೀವೊ ಮಾಲಗಾ 1992ರಲ್ಲೇ ಮುಚ್ಚಿತು.

ಈ ಕಾನೂನಿನ ಉದ್ದೇಶ ಒಳ್ಳೆಯದೇ ಇತ್ತು. ಆದರೆ ಅದು ಸಾಲದ ರೋಗಕ್ಕೆ ಮಾಲೀಕನೆಂಬ ಮದ್ದು ಕೊಟ್ಟಿತು, ಮತ್ತು ಸಣ್ಣ ಊರುಗಳಲ್ಲಿ ಆ ಮದ್ದೇ ವಿಷವಾಯಿತು. ಮಾಲೀಕನಿಗೆ ಉತ್ಸಾಹವಿರುವ ತನಕ ಹಣ ಬರುತ್ತದೆ. ಅವನು ಬೇಡವೆಂದ ದಿನ ಸದಸ್ಯರ ಕೈಯಲ್ಲಿ ಮತವೂ ಇಲ್ಲ, ಬೀಗದ ಕೈಯೂ ಇಲ್ಲ. ಇಷ್ಟು ವರ್ಷವಾದ ಮೇಲೆ, 2022ರ ಡಿಸೆಂಬರ್‌ನಲ್ಲಿ ಬಂದ ಹೊಸ ಕಾನೂನು ಕಂಪನಿಯಾಗಲೇಬೇಕೆಂಬ ಕಡ್ಡಾಯವನ್ನು ತೆಗೆದುಹಾಕಿದೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಏಬಾರ್ ಎಂಬ ಪುಟ್ಟ ಊರಿನ ಮಾತು ಹೇಳಬೇಕು. 2014ರಲ್ಲಿ ಆ ಊರಿನ ಕ್ಲಬ್ಬಿಗೆ ಒಂದು ಪೈಸೆ ಸಾಲವಿರಲಿಲ್ಲ, ಸೆಗುಂದಾದಲ್ಲಿ ಗೆದ್ದು ಪ್ರಿಮೇರಾಗೆ ಹೊರಟಿತ್ತು. ಆದರೆ ಕಾನೂನು ಏನು ಹೇಳಿತು? ನಿಮ್ಮ ಷೇರು ಬಂಡವಾಳ ಆ ದರ್ಜೆಯ ಕ್ಲಬ್ಬುಗಳ ಸರಾಸರಿ ಖರ್ಚಿನ ಶೇ. 25ರಷ್ಟಿರಬೇಕು. ನೀವು ಮಿತವಾಗಿ ಬದುಕಿದ್ದೀರಿ, ನಿಜ, ಆದರೆ ಪಕ್ಕದವರು ದುಂದು ಮಾಡಿ ಸರಾಸರಿ ಏರಿಸಿದ್ದಾರೆ, ಆದ್ದರಿಂದ ಇನ್ನೂ 17 ಲಕ್ಷ ಯೂರೋ ತನ್ನಿ, ಇಲ್ಲದಿದ್ದರೆ ಕೆಳಗಿಳಿಯಿರಿ. ಅವರು 50 ಯೂರೋ ಬೆಲೆಯ ಷೇರುಗಳನ್ನು ಜಗತ್ತಿನ ನಾನಾ ದೇಶಗಳ ಅಭಿಮಾನಿಗಳಿಗೆ ಮಾರಿ ಹಣ ಹೊಂದಿಸಿದರು. ಸಾಲ ಮಾಡದವನಿಗೂ ಕಾಗದ ಕಂಟಕವಾಗಬಹುದು ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ಇಲ್ಲ.

ಸಲಮಾಂಕಾಗೆ ಮರಳೋಣ. 1990ರ ದಶಕದಲ್ಲಿ ಹುವಾನ್ಮಾ ಲೀಯೊ ಎಂಬ ಎಳೆಯ ಕೋಚ್ ತಂಡವನ್ನು ಸೆಗುಂದಾ ಬಿಯಿಂದ ಸೆಗುಂದಾಗೆ, ಅಲ್ಲಿಂದ ಪ್ರಿಮೇರಾದ ಬಾಗಿಲಿಗೆ ತಂದರು. 1995ರ ಬೇಸಿಗೆಯ ಆ ಪಂದ್ಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಎದುರಾಳಿ ಪ್ರಿಮೇರಾದಲ್ಲಿ ಕೆಳಗಿದ್ದ ಆಲ್ಬಸೇತೆ. ಎರಡು ಪಂದ್ಯ, ಒಟ್ಟು ಗೋಲು ಹೆಚ್ಚಿದ್ದವರು ಮೇಲಿನ ದರ್ಜೆಗೆ. ಮೊದಲನೆಯದು ಎಲ್ಮಾಂತಿಕೊದಲ್ಲಿ, ಸಲಮಾಂಕಾ ತನ್ನ ಮನೆಯಲ್ಲೇ 0-2 ಸೋತಿತು. ಕಥೆ ಮುಗಿಯಿತು ಎಂದು ಯಾರಾದರೂ ಹೇಳುತ್ತಿದ್ದರು. ಎರಡನೆಯದು ಆಲ್ಬಸೇತೆಯಲ್ಲಿ. 90 ನಿಮಿಷ ಮುಗಿದಾಗ ಸಲಮಾಂಕಾ 2-0 ಮುಂದಿತ್ತು, ಒಟ್ಟು ಲೆಕ್ಕ 2-2. ಹೊರಗಿನ ಮೈದಾನದ ಗೋಲುಗಳೂ ಸಮ. ಹೆಚ್ಚುವರಿ ಅರ್ಧ ಗಂಟೆಯಲ್ಲಿ ಸಲಮಾಂಕಾ ಇನ್ನೂ ಮೂರು ಹೊಡೆದು 5-0 ಮಾಡಿತು. 29ನೇ ವಯಸ್ಸಿಗೆ ಲೀಯೊ ಪ್ರಿಮೇರಾದ ಅತಿ ಕಿರಿಯ ಕೋಚ್ ಆದರು. ಬಹಳ ವರ್ಷಗಳ ನಂತರ ಮ್ಯಾಂಚೆಸ್ಟರ್ ಸಿಟಿಯಲ್ಲಿ ಗ್ವಾರ್ದಿಯೋಲಾ ಪಕ್ಕದಲ್ಲಿ ಕೂತ ಲೀಯೊ ಇವರೇ.

ಈಗ ಆ ಬೇಸಿಗೆಯ ಮುಂದಿನ ತಿಂಗಳುಗಳನ್ನು ನೋಡಿ. ಮೈದಾನದಲ್ಲಿ ಐದು ಗೋಲು ತಿಂದು ಕೆಳಗಿಳಿದ ಆಲ್ಬಸೇತೆ ಮರುಸೀಸನ್ ಎಲ್ಲಿ ಆಡಿತು? ಪ್ರಿಮೇರಾದಲ್ಲೇ! ಸೆವಿಯಾ ಮತ್ತು ಸೆಲ್ತಾ ಕ್ಲಬ್ಬುಗಳು ಬಜೆಟ್ಟಿನ ಶೇ. 5ರಷ್ಟಕ್ಕೆ ಕೊಡಬೇಕಿದ್ದ ಖಾತರಿ ಪತ್ರವನ್ನು ಗಡುವಿನೊಳಗೆ ಕೊಡಲಿಲ್ಲ. ಎರಡನ್ನೂ ಸೆಗುಂದಾ ಬಿಗೆ ತಳ್ಳಿದರು. ಖಾಲಿಯಾದ ಎರಡು ಜಾಗಕ್ಕೆ ಆಲ್ಬಸೇತೆ ಮತ್ತು ವಯಾದೊಲಿದ್ ಬಂದವು. ಸೆವಿಯಾ, ಸೆಲ್ತಾ ಕ್ಲಬ್ಬುಗಳ ಊರುಗಳಲ್ಲಿ ಸಾವಿರಾರು ಜನ ಬೀದಿಗಿಳಿದರು. ಆಗಸ್ಟ್ ಮಧ್ಯದಲ್ಲಿ ಲೀಗಿನ ಸಭೆ ಸೇರಿ ಸೆವಿಯಾ, ಸೆಲ್ತಾಗಳನ್ನು ಮರಳಿ ಸೇರಿಸಿಕೊಂಡಿತು, ಬಂದವರನ್ನೂ ಕಳಿಸಲಿಲ್ಲ. ಹೀಗೆ ಪ್ರಿಮೇರಾ ಎರಡು ವರ್ಷ 22 ತಂಡಗಳ ಲೀಗಾಯಿತು. ದೊಡ್ಡ ಊರಿನ ಕ್ಲಬ್ಬಿಗೆ ಕಾಗದ ತಪ್ಪಿದಾಗ ಲೀಗನ್ನೇ ಹಿಗ್ಗಿಸಿದರು. ಸಣ್ಣ ಊರಿನವರಿಗೆ ಆ ಔದಾರ್ಯ ಸಿಗಲಿಲ್ಲ ಎಂಬುದನ್ನು ಮುಂದೆ ನೋಡುತ್ತೀರಿ. 1995-96ರ ಕೊನೆಗೆ 22ನೆಯದಾಗಿ ಇಳಿದದ್ದು ಸಲಮಾಂಕಾ, 21ನೆಯದು ಮೆರಿದಾ. ಆಲ್ಬಸೇತೆಯನ್ನು ಪ್ಲೇಆಫಿನಲ್ಲಿ ಸೋಲಿಸಿ ಮೇಲೆ ಬಂದದ್ದು ಎಕ್ಸ್‌ತ್ರೆಮದೂರಾ. ಸಲಮಾಂಕಾ, ಮೆರಿದಾ, ಎಕ್ಸ್‌ತ್ರೆಮದೂರಾ, ಈ ಮೂರು ಕ್ಲಬ್ಬುಗಳಲ್ಲಿ ಒಂದೂ ಇಂದು ಅದೇ ಸಂಸ್ಥೆಯಾಗಿ ಉಳಿದಿಲ್ಲ.

1997ರಲ್ಲಿ ಸಲಮಾಂಕಾ ಮತ್ತೆ ಮೇಲೆ ಬಂತು. ಆ ಬಡ್ತಿಯ ವರ್ಷ ಸೆಗುಂದಾದಲ್ಲಿ ಅತಿ ಹೆಚ್ಚು ಗೋಲು ಹೊಡೆದದ್ದು ಇದೇ ತಂಡದ ಪೌಲೇತಾ, ಮತ್ತೊಬ್ಬ ಪೋರ್ಚುಗೀಸ್. ಮುಂದೆ ಯೂಸೇಬಿಯೊ ದಾಖಲೆ ಮುರಿದು, ರೊನಾಲ್ಡೊ ಬರುವ ತನಕ ಪೋರ್ಚುಗಲ್ ಪರ ಅತಿ ಹೆಚ್ಚು ಗೋಲು ಹೊಡೆದ ಆಟಗಾರ. 1997-98 ಈ ಕ್ಲಬ್ಬಿನ ಅತಿ ಚಂದದ ವರ್ಷ. ವೆಲೆನ್ಸಿಯಾ ವಿರುದ್ಧ 6-0. ಬಾರ್ಸಿಲೋನಾ ವಿರುದ್ಧ ಮನೆಯಲ್ಲಿ 4-3, ಅವರ ಕಾಂಪ್ ನೌನಲ್ಲಿ 4-1. ಆ ವರ್ಷ ಲೀಗ್ ಗೆದ್ದದ್ದು ಬಾರ್ಸಿಲೋನಾ ಎಂಬುದನ್ನು ಮರೆಯಬೇಡಿ. ಅತ್ಲೆತಿಕೊ ಮ್ಯಾಡ್ರಿಡ್ ಎಲ್ಮಾಂತಿಕೊಗೆ ಬಂದಾಗ ಇಟಲಿಯ ಕ್ರಿಸ್ಟಿಯಾನ್ ವಿಯೇರಿ ಒಬ್ಬರೇ ನಾಲ್ಕು ಗೋಲು ಹೊಡೆದರು. ನಾಲ್ಕು ಗೋಲು ಹೊಡೆದವನ ತಂಡ ಸೋತಿತು: 5-4. ಆ ಬೇಸಿಗೆಯಲ್ಲಿ ಪೌಲೇತಾ ದೆಪೊರ್ತೀವೊ ಲಾ ಕೊರುನ್ಯಾಗೆ ಹೋದರು, ಮರುವರ್ಷ ಸಲಮಾಂಕಾ ಕೊನೆಯ ಸ್ಥಾನಕ್ಕೆ ಬಿದ್ದು ಇಳಿಯಿತು. ಪ್ರಿಮೇರಾಗೆ ಮತ್ತೆ ಬರಲೇ ಇಲ್ಲ. 2005ರಲ್ಲಿ ಸೆಗುಂದಾ ಬಿಗೆ, 2006ರಲ್ಲಿ ಮರಳಿ ಸೆಗುಂದಾಗೆ, 2011ರಲ್ಲಿ ಕೊನೆಯ ಬಾರಿಗೆ ಸೆಗುಂದಾ ಬಿಗೆ.

ಇಂಥ ಕ್ಲಬ್ಬು ಸಾಯುವ ಕ್ರಮ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಮೊದಲು ಕೆಳಗಿಳಿಯುತ್ತದೆ. ಆದಾಯ ಆ ಬೇಸಿಗೆಯಲ್ಲೇ ಕುಸಿಯುತ್ತದೆ, ಆದರೆ ಆಟಗಾರರ ಒಪ್ಪಂದಗಳು ಮೇಲಿನ ದರ್ಜೆಯ ಸಂಬಳಕ್ಕೆ ಬರೆದವು, ಇನ್ನೂ ಒಂದೆರಡು ವರ್ಷ ಇರುತ್ತವೆ. ಇಳಿದರೆ ಸಂಬಳವೂ ಇಳಿಯುತ್ತದೆ ಎಂಬ ಷರತ್ತನ್ನು ಒಪ್ಪಂದದಲ್ಲಿ ಬರೆಸದಿರುವುದೇ ಮೊದಲ ತಪ್ಪು. ಕೈ ಖಾಲಿಯಾದಾಗ ಯಾರಿಗೆ ಕೊಡುವುದನ್ನು ಮೊದಲು ನಿಲ್ಲಿಸುತ್ತಾರೆ? ಗದ್ದಲ ಮಾಡದವರಿಗೆ: ತೆರಿಗೆ ಇಲಾಖೆ ಮತ್ತು ಸಾಮಾಜಿಕ ಭದ್ರತಾ ನಿಧಿಗೆ. ಇದು ಎರಡನೇ ತಪ್ಪು, ದೊಡ್ಡದು. ಸ್ಪೇನಿನಲ್ಲಿ ತೆರಿಗೆ ಬಾಕಿ ಬಲವಂತದ ವಸೂಲಿಗೆ ಹೋದರೆ ಅಸಲಿನ ಮೇಲೆ ಶೇ. 20 ದಂಡ, ಅದರ ಮೇಲೆ ಬಡ್ಡಿ. ಇಲಾಖೆ ಟಿಕೆಟ್ ಹಣವನ್ನೂ ಜಪ್ತಿ ಮಾಡಬಹುದು. ಆಮೇಲೆ ಆಟಗಾರರ ಸಂಬಳ ನಿಲ್ಲುತ್ತದೆ. ಅವರು ತಮ್ಮ ಸಂಘದ ಮೂಲಕ ದೂರು ಕೊಡುತ್ತಾರೆ. ಬೇಸಿಗೆಯ ಗಡುವಿನೊಳಗೆ ಬಾಕಿ ತೀರಿಸದಿದ್ದರೆ, ಮೈದಾನದಲ್ಲಿ ಎಷ್ಟನೇ ಸ್ಥಾನ ಬಂದಿದ್ದರೂ ಕ್ಲಬ್ಬನ್ನು ಕೆಳಗಿನ ದರ್ಜೆಗೆ ಇಳಿಸುತ್ತಾರೆ.

ಆಗ ಉಳಿಯುವ ದಾರಿ ಕೊಂಕುರ್ಸೊ, ಅಂದರೆ ನ್ಯಾಯಾಲಯದ ಮುಂದೆ ದಿವಾಳಿ ಪ್ರಕ್ರಿಯೆ. ಕೆಲವು ವರ್ಷ ಇದು ಕ್ಲಬ್ಬುಗಳಿಗೆ ಅಡಗುದಾಣವಾಗಿತ್ತು: ಪ್ರಕ್ರಿಯೆಗೆ ಹೋದರೆ ಸ್ಪೇನಿನ ಫುಟ್‌ಬಾಲ್ ಫೆಡರೇಷನ್ ಇಳಿಸುವಂತಿಲ್ಲ ಎಂದು ವಾದಿಸುತ್ತಿದ್ದರು. 2011ರ ಅಕ್ಟೋಬರ್‌ನಲ್ಲಿ ಕಾನೂನಿಗೆ ತಿದ್ದುಪಡಿ ಬಂದು, ದಿವಾಳಿಯಾದರೂ ಕ್ರೀಡಾ ನಿಯಮ ಅನ್ವಯಿಸುತ್ತದೆ ಎಂದಾಯಿತು. ಅಡಗುದಾಣದ ಬಾಗಿಲು ಮುಚ್ಚಿತು. ನ್ಯಾಯಾಧೀಶರು ಆಡಳಿತಗಾರರನ್ನು ನೇಮಿಸುತ್ತಾರೆ, ಅವರು ಸಾಲಗಳನ್ನು ವಿಂಗಡಿಸುತ್ತಾರೆ: ಆದ್ಯತೆಯವು, ಸಾಮಾನ್ಯ, ಕೊನೆಯ ಸಾಲಿನವು. ಮಾಲೀಕ ತಾನೇ ಕೊಟ್ಟ ಸಾಲ ಕೊನೆಯ ಸಾಲಿಗೆ. ಆಮೇಲೆ ಸಾಲ ಕೊಟ್ಟವರ ಜೊತೆ ಒಪ್ಪಂದದ ಪ್ರಯತ್ನ. ಆಗಿನ ನಿಯಮದಂತೆ ಸಾಮಾನ್ಯ ಸಾಲದಲ್ಲಿ ಅರ್ಧದವರೆಗೆ ಕಡಿತ, ಐದು ವರ್ಷದವರೆಗೆ ಕಾಲಾವಕಾಶ.

ಅರ್ಧ ಮಾಫಿಯಾದರೆ ಸಾಕಲ್ಲ ಎನ್ನಿಸುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ವಿವರಣೆಗೆಂದು ಹಿಡಿದವು. ಒಟ್ಟು ಸಾಲ 100 ಎನ್ನಿ. ಅದರಲ್ಲಿ ಬ್ಯಾಂಕಿನ ಅಡಮಾನ ಸಾಲ 20, ತೆರಿಗೆ 40, ಉಳಿದವರದು 40. ಅಡಮಾನಕ್ಕೆ ಕಡಿತವಿಲ್ಲ. ತೆರಿಗೆಯಲ್ಲಿ ಸುಮಾರು ಅರ್ಧಕ್ಕೆ ಆದ್ಯತೆ ಇದೆ, ಅಂದರೆ 20ಕ್ಕೆ ಕಡಿತವಿಲ್ಲ. ಕಡಿತಕ್ಕೆ ಸಿಗುವುದು ತೆರಿಗೆಯ ಉಳಿದ 20 ಮತ್ತು ಇತರರ 40, ಒಟ್ಟು 60. ಅದರಲ್ಲಿ ಅರ್ಧ ಹೋದರೆ 30. ಹಾಗಾಗಿ ಕಡಿತದ ನಂತರವೂ ಕಟ್ಟಬೇಕಾದದ್ದು 70. ಟಿವಿ ಹಣವಿಲ್ಲದ ಸೆಗುಂದಾ ಬಿಯಲ್ಲಿ ಕೂತು, ಈ ವರ್ಷದ ಸಂಬಳವನ್ನೂ ಕೊಡುತ್ತಾ, ಐದು ವರ್ಷದಲ್ಲಿ 70 ತೀರಿಸಬೇಕು. ಸಲಮಾಂಕಾದ ಸಾಲ 2 ಕೋಟಿ ಯೂರೋ ದಾಟಿತ್ತು. ಅದು ತೀರಲಿಲ್ಲ. 2013ರ ಜೂನ್‌ನಲ್ಲಿ ಕ್ಲಬ್ಬನ್ನು ವಿಸರ್ಜಿಸಿ ಆಸ್ತಿ ಮಾರುವ ಹಂತಕ್ಕೆ ಬಂತು.

ಈಗ ಮೊದಲು ಕೇಳಿದ ಪ್ರಶ್ನೆ. ಸ್ಪೇನಿನಲ್ಲಿ ಕ್ಲಬ್ ಎಂದರೆ ಮೂರು ಸಂಗತಿಗಳ ಕಟ್ಟು. ಒಂದು ಲೀಗಿನಲ್ಲಿರುವ ಜಾಗ, ಅದಕ್ಕೆ ಪ್ಲಾಸಾ ಎನ್ನುತ್ತಾರೆ. ಎರಡನೆಯದು ಆಸ್ತಿ. ಮೂರನೆಯದು ಜನ. ಕ್ಲಬ್ ಬದುಕಿರುವಾಗ ಇವು ಒಂದೇ ಎಂಬಂತೆ ಕಾಣುತ್ತವೆ, ಸತ್ತಾಗ ಕಟ್ಟು ಬಿಚ್ಚಿ ಮೂರೂ ಮೂರು ದಿಕ್ಕಿಗೆ ಹೋಗುತ್ತವೆ.

ಪ್ಲಾಸಾವನ್ನು ಹಣಕ್ಕೆ ಕೊಂಡದ್ದೂ ಉಂಟು. 1999ರಲ್ಲಿ ಹುಟ್ಟಿದ ಸಿಯುದಾದ್ ದೆ ಮುರ್ಸಿಯಾ ಎಂಬ ಕ್ಲಬ್ ನಾಲ್ಕೇ ವರ್ಷದಲ್ಲಿ ಸೆಗುಂದಾ ಮುಟ್ಟಿತು. 2007ರಲ್ಲಿ ಅಲ್ಲಿ 4ನೇ ಸ್ಥಾನ. ಆ ಬೇಸಿಗೆಯಲ್ಲೇ ಇಡೀ ಕ್ಲಬ್ಬನ್ನು ಕೊಂಡ ಉದ್ಯಮಿಯೊಬ್ಬರು ಅದನ್ನು ಗ್ರನಾದಾ ಪ್ರಾಂತ್ಯಕ್ಕೆ ಎತ್ತಿಕೊಂಡು ಹೋಗಿ ಗ್ರನಾದಾ 74 ಎಂದು ಹೆಸರಿಟ್ಟರು. ಮೊದಲ ವರ್ಷ ಒಂದು ಮೆಟ್ಟಿಲು ಇಳಿಯಿತು, ಎರಡನೇ ವರ್ಷ ಇನ್ನೊಂದು, 2009ರಲ್ಲಿ ಮುಗಿಯಿತು. ಜಾಗ ಬಂತು, ಜನ ಬರಲಿಲ್ಲ. ಸಲಮಾಂಕಾದಲ್ಲಿ ಪ್ಲಾಸಾ ಯಾರಿಗೂ ಸಿಗಲಿಲ್ಲ. ಸೆಗುಂದಾ ಬಿಯ ಆ ಜಾಗದಲ್ಲಿ ಹೊಸ ಹೆಸರಿನ ತಂಡ ಆಡಿಸಲು 2013ರ ಬೇಸಿಗೆಯಲ್ಲಿ ಪ್ರಯತ್ನ ನಡೆಯಿತು. ಫೆಡರೇಷನ್ ಒಪ್ಪಲಿಲ್ಲ. 18 ವರ್ಷ ಹಿಂದೆ ಎರಡು ದೊಡ್ಡ ಕ್ಲಬ್ಬುಗಳಿಗಾಗಿ ಲೀಗು ಹಿಗ್ಗಿದ ದೇಶದಲ್ಲಿ ಈ ಸಲ ಏನೂ ಹಿಗ್ಗಲಿಲ್ಲ.

ಆಸ್ತಿ, ಅಂದರೆ ಎಲ್ಮಾಂತಿಕೊ, ಒಂದು ಕಡೆ ಹೋಯಿತು. ಕ್ಲಬ್ಬಿನ ಎರಡನೇ ತಂಡ ಸಲ್ಮಂತೀನೊ, ಮುಂದೆ ಸ್ಪೇನಿಗೆ ವಿಶ್ವಕಪ್ ಗೆದ್ದುಕೊಟ್ಟ ಕೋಚ್ ವಿಸೆಂತೆ ದೆಲ್ ಬೊಸ್ಕೆ ಹುಡುಗನಾಗಿದ್ದಾಗ ಆಡಿದ ತಂಡ. ಆ ಎಳೆ ಹಿಡಿದು ಬಂದ ಕ್ಲಬ್ಬು 2018ರಿಂದ ಸಲಮಾಂಕಾ ಸಿ.ಎಫ್. ಎಂಬ ಹೆಸರಿನಲ್ಲಿ ಎಲ್ಮಾಂತಿಕೊದಲ್ಲೇ ಆಡುತ್ತಿದೆ. ಅದಕ್ಕೆ ಮಾಲೀಕರಿದ್ದಾರೆ.

ಜನ ಇನ್ನೊಂದು ಕಡೆ ಹೋದರು. 2013ರ ಆಗಸ್ಟ್ 26ರಂದು ಅಭಿಮಾನಿಗಳು ಸೇರಿ ಊನಿಯೋನಿಸ್ತಾಸ್ ಎಂಬ ಕ್ಲಬ್ ಕಟ್ಟಿದರು. ಷೇರಿಲ್ಲ, ಮಾಲೀಕನಿಲ್ಲ, ಒಬ್ಬ ಸದಸ್ಯನಿಗೆ ಒಂದು ಮತ. ಹೊಸ ಕ್ಲಬ್ಬಾದ್ದರಿಂದ 2014ರಲ್ಲಿ ಜಿಲ್ಲಾ ಲೀಗಿನಿಂದ, ಅಂದರೆ ಆರನೇ ದರ್ಜೆಯಿಂದ ಶುರು ಮಾಡಬೇಕಾಯಿತು. 2015ರಲ್ಲಿ ಒಂದು ಬಡ್ತಿ, 2016ರಲ್ಲಿ ಇನ್ನೊಂದು, 2018ರಲ್ಲಿ ಸೆಗುಂದಾ ಬಿ. ಅದೇ ವರ್ಷ ಎಲ್ಮಾಂತಿಕೊದ ಕ್ಲಬ್ಬೂ ಅಲ್ಲಿಗೆ ಬಂದು, ಒಂದು ಸತ್ತ ಕ್ಲಬ್ಬಿನ ಎರಡು ತುಂಡುಗಳು ಒಂದೇ ಲೀಗಿನಲ್ಲಿ ಎದುರುಬದುರು ನಿಂತವು. ಊನಿಯೋನಿಸ್ತಾಸ್ 2020ರವರೆಗೆ ಆಡಿದ್ದು ಎಲ್ಮಾಂತಿಕೊದ ಪಕ್ಕದಲ್ಲೇ ಇರುವ ಓಟದ ಪಥದ ಮೈದಾನದಲ್ಲಿ. ತಮ್ಮ ಅಪ್ಪ ಅಜ್ಜಂದಿರು ಕೂತ ಸ್ಟ್ಯಾಂಡು ಕಣ್ಣೆದುರು, ಇವರು ಅದರ ನೆರಳಲ್ಲಿ. 2020ರ ಜನವರಿಯಲ್ಲಿ ಅಲ್ಲಿಗೆ ರಿಯಲ್ ಮ್ಯಾಡ್ರಿಡ್ ಕಪ್ ಪಂದ್ಯಕ್ಕೆ (ಬೇರೆ ಬೇರೆ ದರ್ಜೆಯ ತಂಡಗಳು ಎದುರಾಗುವ ನಾಕೌಟ್ ಟೂರ್ನಿ ಇದು) ಬಂತು, ಊನಿಯೋನಿಸ್ತಾಸ್ 1-3 ಸೋತಿತು. ಆಮೇಲೆ ರೇನಾ ಸೊಫಿಯಾ ಮೈದಾನಕ್ಕೆ ಹೋದರು. 2024ರ ಜನವರಿಯಲ್ಲಿ ಅಲ್ಲಿಗೆ ವಿಯಾರಿಯಾಲ್ ಬಂದಿದ್ದಾಗ ಮೈದಾನದ ದೀಪಗಳು ಕೆಟ್ಟು ಆಟ ನಿಂತಿತು. ಮರುದಿನ ಉಳಿದದ್ದನ್ನು ಆಡಿ ಪೆನಾಲ್ಟಿಯಲ್ಲಿ ಊನಿಯೋನಿಸ್ತಾಸ್ ಗೆದ್ದಿತು. ಮುಂದಿನ ಸುತ್ತಿನಲ್ಲಿ ಬಾರ್ಸಿಲೋನಾ ವಿರುದ್ಧ ಮೊದಲ ಗೋಲು ಇವರದೇ, ಕೊನೆಗೆ 1-3.

ಇದು ಸಲಮಾಂಕಾಕ್ಕೆ ಮಾತ್ರ ಬಂದ ಗತಿಯಲ್ಲ. ಲೊಗ್ರೊನ್ಯೆಸ್ ಒಂಬತ್ತು ಸೀಸನ್ ಪ್ರಿಮೇರಾದಲ್ಲಿ ಆಡಿದ ಕ್ಲಬ್ಬು. 2009ರಲ್ಲಿ ಅದು ಕಣ್ಮರೆಯಾದಾಗಲೂ ಆ ಊರಿನಲ್ಲಿ ಎರಡು ಕ್ಲಬ್ಬುಗಳು ಹುಟ್ಟಿದವು, ಎರಡಕ್ಕೂ ಲೊಗ್ರೊನ್ಯೆಸ್ ಎಂದೇ ಹೆಸರು. ಅಲ್ಲೂ ಅಭಿಮಾನಿಗಳೇ ಕಟ್ಟಿದ್ದು ಒಂದು.

ಊನಿಯೋನಿಸ್ತಾಸ್‌ನವರು ತಾವು ಹಳೆಯ ಕ್ಲಬ್ಬಿನ ಉತ್ತರಾಧಿಕಾರಿಗಳೆಂದು ಹೇಳಿಕೊಳ್ಳುವುದಿಲ್ಲ. ಪ್ರಿಮೇರಾದ ಆ 12 ಸೀಸನ್‌ಗಳನ್ನು, ಬಾರ್ಸಿಲೋನಾ ಮೇಲಿನ ಆ ಎರಡು ಗೆಲುವುಗಳನ್ನು ತಮ್ಮ ಖಾತೆಗೆ ಬರೆದುಕೊಳ್ಳುವುದಿಲ್ಲ. ಇದು ಆ ಕ್ಲಬ್ಬಿಗೆ ನಾವು ಸಲ್ಲಿಸುವ ಗೌರವ, ಆ ಕ್ಲಬ್ಬಲ್ಲ ಎನ್ನುತ್ತಾರೆ. ಅವರ ಲೆಕ್ಕ ಶುರುವಾಗುವುದು 2013ರಿಂದ.